ಕ್ಯೂಬಿಸಂ ಕೊಲಾಜ್ ಕಿಟ್: ಕಾಗದಕ್ಕೆ ಪೂರ್ತಿ ಅಂಕ, ಅಂಟಿಗೆ ಸೊನ್ನೆ

ಒಂದೇ ವಸ್ತುವನ್ನು ಹಲವು ಕಡೆಗಳಿಂದ ಕಂಡಂತೆ ಒಟ್ಟಿಗೆ ಚಿತ್ರಿಸುವ ಶೈಲಿ ಕ್ಯೂಬಿಸಂ, ಕಾಗದ ಮೊದಲಾದವುಗಳ ಚೂರುಗಳನ್ನು ಅಂಟಿಸಿ ಮಾಡುವ ಚಿತ್ರ ಕೊಲಾಜ್. ಎರಡನ್ನೂ ಕೈಯಾರೆ ಮಾಡಿ ನೋಡಲೆಂದಿರುವ ಈ ಕಿಟ್‌ನ ಡಬ್ಬಿ ತೆರೆದೊಡನೆ ಕೈಗೆ ಬಂದದ್ದು ಮರದ ಎಳೆಗಳನ್ನು ಮುದ್ರಿಸಿದ ಕಾಗದ. ಅದನ್ನು ನೋಡಿಯೇ ಮನಸ್ಸು ಅರಳಿತು. 1912ರಲ್ಲಿ ಫ್ರೆಂಚ್ ಕ್ಯೂಬಿಸ್ಟ್ ಚಿತ್ರಕಾರ ಜಾರ್ಜ್ ಬ್ರಾಕ್ ಅಂಗಡಿಯೊಂದರಿಂದ ಕೊಂಡು ತಂದು, ಕತ್ತರಿಸಿ, ತಮ್ಮ ಇದ್ದಿಲು ಚಿತ್ರಕ್ಕೆ ಅಂಟಿಸಿದ್ದು ಇಂಥದೇ ಗೋಡೆಕಾಗದವನ್ನು. ಕಿಟ್‌ನಲ್ಲಿ ಸಣ್ಣ ಹಗ್ಗವೂ ಇದೆ. ಅದೇ ವರ್ಷ ಪಿಕಾಸೊ ಬೆತ್ತದ ಹೆಣಿಗೆಯ ಮುದ್ರೆಯಿದ್ದ ಎಣ್ಣೆಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತಲೂ ಹಗ್ಗವನ್ನೇ ಚೌಕಟ್ಟಾಗಿಸಿದ್ದರು. ಜೊತೆಗಿರುವ ಪುಸ್ತಿಕೆ ಇದನ್ನು ಹೇಳುವುದೇ ಇಲ್ಲ. ಹಗ್ಗವನ್ನು ‘ಅಲಂಕಾರಕ್ಕೆ’ ಎಂದು ಬರೆದು ಮುಗಿಸಿದೆ.

ನಾನು ಅಜ್ಜಿಯ ಹೊಲಿಗೆ ಯಂತ್ರವನ್ನು ಆರಿಸಿಕೊಂಡೆ. ಬಲತುದಿಯಿಂದ ನೋಡಿದರೆ ಅದರ ಗಾಲಿ ದುಂಡಗೆ ಕಾಣುತ್ತದೆ, ಹೊಲಿಯುವವರು ಕೂರುವ ಕಡೆಯಿಂದ ಬರೀ ದಪ್ಪ ಪಟ್ಟಿ. ಎರಡನ್ನೂ ಒಂದೇ ರಟ್ಟಿನ ಮೇಲೆ ಇಟ್ಟೆ. ಮೇಜನ್ನು ಮೇಲಿನಿಂದ ಕಂಡಂತೆ ಮರದೆಳೆಯ ಕಾಗದದಲ್ಲಿ ಕತ್ತರಿಸಿದೆ. ಅದರ ಅಂಚಿನಗುಂಟ ಇದ್ದಿಲಿನಿಂದ ನೆರಳು ಹಾಕಿ ಬೆರಳಿನಲ್ಲಿ ಉಜ್ಜಿದೆ. ಚಪ್ಪಟೆ ಕಾಗದ ರಟ್ಟಿನಿಂದ ಎದ್ದು ನಿಂತಿತು! ಯಂತ್ರದ ಗೆರೆಯೊಂದನ್ನು ಅದೇ ಕಾಗದದ ಮೇಲೆ ಹಾಯಿಸಿದೆ. ಎದ್ದದ್ದು ಮತ್ತೆ ಹಿಂದಕ್ಕೆ ಸರಿಯಿತು. ಆ ಸಂಜೆ ಇದನ್ನೇ ಮಾಡಿ ಅಳಿಸಿ, ಮಾಡಿ ಅಳಿಸಿ ಕೂತಿದ್ದೆ. ಇದ್ದಿಲು ಮೃದುವಾಗಿದೆ, ಒರೆಸಿದರೆ ಸುಲಭವಾಗಿ ಹೋಗುತ್ತದೆ.

ಆದರೆ ಮೊದಲೇ ಕತ್ತರಿಸಿಟ್ಟ ಬಣ್ಣದ ತ್ರಿಕೋನಗಳನ್ನು ಏಕೆ ಕೊಟ್ಟರೋ! ಮುಖವೊಂದರ ರೇಖಾಚಿತ್ರದೊಳಗೆ ಅವನ್ನು ತುಂಬಿದರೆ ಕ್ಯೂಬಿಸಂ ಆಯಿತು ಎನ್ನುತ್ತದೆ ಪುಸ್ತಿಕೆ. ಇದು ನನಗೆ ನಿಜವಾಗಿಯೂ ಬೇಸರ ತಂದಿತು. ವಸ್ತುವಿನ ಸುತ್ತ ನಡೆದು ನೋಡದವರಿಗೆ ತ್ರಿಕೋನ ಬರೀ ತ್ರಿಕೋನ. ಮಕ್ಕಳು ಇದನ್ನೇ ಕಲಿತುಬಿಟ್ಟರೆ ಎಂಬ ಚಿಂತೆ ನನ್ನದು.

ಅಂಟು ತೀರ ನೀರು. ಹಚ್ಚಿದ ಕಾಗದ ಹಿಗ್ಗಿ ಗುಳ್ಳೆ ಎದ್ದಿತು, ಒಣಗುವಾಗ ಕುಗ್ಗಿ ತೆಳುವಾದ ರಟ್ಟನ್ನು ದೋಣಿಯಂತೆ ಬಾಗಿಸಿತು. ಎರಡನೆಯ ರಟ್ಟಿಗೆ ನನ್ನಲ್ಲಿದ್ದ ಅಕ್ರಿಲಿಕ್ ಜೆಲ್ ಬಳಸಿದೆ: ಎರಡೂ ಮೈಗೆ ತೆಳುವಾಗಿ ಹಚ್ಚಿ, ನಡುವಿನಿಂದ ಅಂಚಿನತ್ತ ಒತ್ತಿ, ಮೇಲೆ ಬೆಣ್ಣೆಕಾಗದ ಹಾಸಿ, ರಾತ್ರಿಯಿಡೀ ದಪ್ಪ ಪುಸ್ತಕಗಳನ್ನು ಹೇರಿದೆ. ಬೆಳಗ್ಗೆ ಹಲಗೆಯಂತೆ ನೆಟ್ಟಗಿತ್ತು.

ಕಿಟ್‌ನಲ್ಲಿರುವ ಪತ್ರಿಕೆಯ ತುಂಡುಗಳು ಸಾಮಾನ್ಯ ಸುದ್ದಿಕಾಗದವೇ. ಒಂದು ತುಂಡಿನ ಅರ್ಧವನ್ನು ಪುಸ್ತಕದೊಳಗೆ ಮುಚ್ಚಿ, ಉಳಿದರ್ಧವನ್ನು ಎರಡು ವಾರ ಕಿಟಕಿಯ ಬಿಸಿಲಿಗೆ ಬಿಟ್ಟೆ. ತೆಗೆದಾಗ ನಡುವೆ ಗೆರೆ ಎಳೆದಂತೆ ಒಂದು ಕಡೆ ಹಳದಿಯಾಗಿತ್ತು. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ಅಂಶ ಬೆಳಕಿಗೆ ಹೀಗೆ ಮಾಡುತ್ತದೆ. ಶತಮಾನದ ಹಿಂದಿನ ಕೊಲಾಜ್‌ಗಳಲ್ಲೂ ಪತ್ರಿಕೆಯ ಚೂರುಗಳು ಕಂದಿವೆ. ಉಡುಗೊರೆ ಕೊಡುವ ಕೃತಿಯಾದರೆ ಪುಟವನ್ನು ಆಮ್ಲರಹಿತ ಕಾಗದದ ಮೇಲೆ ಪ್ರತಿ ತೆಗೆದು ಅಂಟಿಸಿ.

ವಿನ್ಯಾಸ ಮುದ್ರಿಸಿದ ಕಾಗದಗಳು ಬಿಡಿಯಾಗಿ ಸಿಕ್ಕರೆ ಅವನ್ನಷ್ಟೇ ಕೊಳ್ಳಿ. ಮರದೆಳೆಯದು ಎರಡು ಹಾಳೆ ಹೆಚ್ಚೇ ಇರಲಿ, ನನ್ನದು ಆಗಲೇ ಮುಗಿದಿದೆ.