ಮಾರ್ಪಡಿಸಿದ ಪೋಲೋ, ಕಂಪನಿಯ ಆಕ್ಟೇವಿಯಾ: ಆಗುಂಬೆ ಘಾಟಿಯಲ್ಲಿ ಎರಡರ ಪರೀಕ್ಷೆ

ಗೆಳೆಯನೊಬ್ಬ ತನ್ನ ಹಳೆಯ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರನ್ನು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಹಂತಹಂತವಾಗಿ ಬದಲಾಯಿಸಿಕೊಂಡಿದ್ದಾನೆ. ತೀರ್ಥಹಳ್ಳಿ ಕಡೆ ಅಡಿಕೆ ತೋಟವಿರುವ ಅವನ ಮಾವನವರು 2020ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದಾರೆ. ಎರಡನ್ನೂ ಒಂದೇ ರಸ್ತೆಯಲ್ಲಿ ಓಡಿಸಿದ ಮೇಲೆ ನನ್ನ ಮತ ಆಕ್ಟೇವಿಯಾದ ಕಡೆಗಿದೆ, ಆದರೆ ಅದಕ್ಕೆ ಕಾರಣ ಅದರ ವೇಗವಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಇದು ಸ್ಪೋರ್ಟ್ಸ್ ಕಾರಲ್ಲ, ಬಿರುಸಿನ ಸೆಡಾನ್ ಅಷ್ಟೆ. ಎರಡೇ ಸೀಟಿನ ತಗ್ಗು ಕಾರನ್ನು ನಮ್ಮ ಕಡೆಯ ರೋಡ್ ಹಂಪುಗಳ ಮೇಲೆ ಹತ್ತಿಸುವ ಧೈರ್ಯ ಯಾರಿಗಿದೆ?

ಪೋಲೋದ 1.2 ಲೀಟರ್ ಟರ್ಬೊ ಎಂಜಿನ್ ಕಂಪನಿಯಿಂದ ಬಂದಾಗ 105 ಪಿಎಸ್ ಶಕ್ತಿ ಮತ್ತು 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿತ್ತು. ಇಸಿಯು ರೀಮ್ಯಾಪ್, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದರೆ ಶಕ್ತಿ 130 ಪಿಎಸ್ ಆಚೀಚೆ ಬರುತ್ತದೆ. ಮಂಡಗದ್ದೆಯ ಹತ್ತಿರ ಲಾರಿಯೊಂದನ್ನು ದಾಟುವಾಗ ಆ ವ್ಯತ್ಯಾಸ ಬೆನ್ನಿಗೇ ತಿಳಿಯಿತು. ಅಷ್ಟು ಖರ್ಚಿಗೆ ಅಷ್ಟು ಸುಖ ಕೊಡುವ ಕೆಲಸ ಕಾರಿನಲ್ಲಿ ಬೇರೊಂದಿಲ್ಲವೆಂದೇ ಹೇಳಬೇಕು. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ. ಅದರ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸಿನಲ್ಲಿರುವುದು ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್. ಅದನ್ನು ರೂಪಿಸಿರುವುದೇ 250 ಎನ್‌ಎಂ ಮಿತಿಗೆ. ಎಂಜಿನ್ನಿಗೆ ಇನ್ನಷ್ಟು ಬಲ ತುಂಬುವ ಆಸೆಯಿದ್ದರೆ ಗೇರ್‌ಬಾಕ್ಸಿನ ಯೋಗ್ಯತೆಯನ್ನು ಮೊದಲು ನೋಡಬೇಕಾಗುತ್ತದೆ. 370 ಎನ್‌ಎಂ ಇರುವ ಆಕ್ಟೇವಿಯಾಕ್ಕೆ ಕಂಪನಿಯವರೇ ಎಣ್ಣೆಯಲ್ಲಿ ತಣಿಯುವ ವೆಟ್ ಕ್ಲಚ್ ಕೊಟ್ಟಿದ್ದಾರೆ.

ನಿಜವಾದ ಪರೀಕ್ಷೆ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ನಡೆಯಿತು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಮುಗಿಯುವಷ್ಟರಲ್ಲಿ, ಗ್ಯಾರೇಜಿನವರು ಹಾಕಿದ್ದ ಬ್ರೇಕ್ ಪ್ಯಾಡುಗಳು ಕಾದು, ಪೋಲೋದ ಪೆಡಲ್ ಮೊದಲಿಗಿಂತ ಕೆಳಕ್ಕೆ ಹೋಗತೊಡಗಿತು. ತಗ್ಗಿಸಿದ ಸ್ಪ್ರಿಂಗುಗಳಿಂದಾಗಿ ತಿರುವಿನ ಒಳ ಅಂಚಿನ ಗುಂಡಿಗೆ ಇಳಿದಾಗಲೆಲ್ಲ ಟೈರು ಫೆಂಡರಿಗೆ ಉಜ್ಜಿ ಕರಕರ ಸದ್ದು ಬರುತ್ತಿತ್ತು. ಎಂಜಿನ್ನಿಗೆ ಸುರಿದ ಹಣದ ಸ್ವಲ್ಪ ಭಾಗವನ್ನೂ ಆ ಗ್ಯಾರೇಜಿನವರು ಬ್ರೇಕಿಗೆ ಖರ್ಚು ಮಾಡಿಸಿರಲಿಲ್ಲ. ಆಕ್ಟೇವಿಯಾಕ್ಕೆ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ; ವಾಪಸು ಹತ್ತುವಾಗ, ಒದ್ದೆ ತಿರುವಿನಲ್ಲಿ ಒಳಚಕ್ರ ಸುಮ್ಮನೆ ತಿರುಗದಂತೆ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಬಲವನ್ನು ಹೊರಚಕ್ರಕ್ಕೆ ದಾಟಿಸುತ್ತದೆ. ಅದರ ತೆಳು ಅಂಚಿನ ಟೈರುಗಳು ಮಾತ್ರ ಮಳೆಗಾಲದ ಗುಂಡಿಗಳಿಗೆ ತಕ್ಕವಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡುಗಳನ್ನು ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ವಿಮೆಯವರಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ಕ್ಲೇಮಿನ ಹೊತ್ತಿಗೆ ಅಡ್ಡ ಬರಬಹುದು.

ಪೋಲೋ ಇರುವವರು ರೀಮ್ಯಾಪಿಗೆ ಕೈಹಾಕುವ ಮೊದಲು ಒಳ್ಳೆಯ ಟೈರು, ಪ್ಯಾಡು ಹಾಕಿಸಿಕೊಂಡು, ಸ್ಪ್ರಿಂಗುಗಳನ್ನು ಇದ್ದ ಹಾಗೆಯೇ ಬಿಡುವುದು ಲೇಸು. ಗೆಳೆಯನಿಗೂ ಇದನ್ನೇ ಹೇಳಿದ್ದೇನೆ. ಅವನು ಸದ್ಯಕ್ಕೆ ಹೊಸ ಸೈಲೆನ್ಸರಿನ ಬೆಲೆ ವಿಚಾರಿಸುತ್ತಿದ್ದಾನೆ.