ನಾಲ್ಕು ಮಳೆಗಾಲ ಕಂಡ ಹಳೇ ಮರದ ಆಫೀಸು: ಬೀರು ಒಂದು ಬಿಟ್ಟರೆ ಬೇರೆ ತಕರಾರಿಲ್ಲ

ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದವನು ದೇವರಿಗೆ ಊದಿನಕಡ್ಡಿ ಹಚ್ಚುವುದಕ್ಕೂ ಮೊದಲು ಬೀರುವಿನ ಬುಡಕ್ಕೆ ಬಗ್ಗುತ್ತೇನೆ. ಅಲ್ಲಿ ಒಂದು ಕರಿ ಕಾಗದ ಹಾಸಿಟ್ಟಿದ್ದೇನೆ. ಅದರ ಮೇಲೆ ಗೋಧಿ ಹಿಟ್ಟಿನಂಥ ಪುಡಿ ಬಿದ್ದಿದೆಯೋ ಇಲ್ಲವೋ ನೋಡಬೇಕು. ಬಿದ್ದಿದ್ದರೆ ಅವತ್ತಿನ ಮೊದಲ ಚಹಾ ರುಚಿಸುವುದಿಲ್ಲ.

ಸಾಗರದಲ್ಲಿ ನಾವು ನಾಲ್ವರು ಸೇರಿ ಒಂದು ಹೆಂಚಿನ ಮನೆಯ ಮುಂಭಾಗ ಬಾಡಿಗೆಗೆ ಹಿಡಿದದ್ದು 2021ರ ದೀಪಾವಳಿ ಹೊತ್ತಿಗೆ. ನನ್ನದು ತೆರಿಗೆ ಲೆಕ್ಕ. ಇನ್ನೊಬ್ಬರು ಮನೆ ನಕ್ಷೆ ಬರೆಯುವವರು, ಮತ್ತೊಬ್ಬರು ಇನ್ಶೂರೆನ್ಸ್. ನಾಲ್ಕನೆಯವಳು ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುವ ಹುಡುಗಿ. ಅವಳ ಮನೆಯಲ್ಲಿ ಮೋಡ ಕಟ್ಟಿದರೆ ಸಾಕು, ನೆಟ್ ಹೋಗುತ್ತದೆ. ಹೊಸ ಮಾಡ್ಯುಲರ್ ಪೀಠೋಪಕರಣಕ್ಕೆ 2 ಲಕ್ಷದ ಮೇಲೆ ಕೊಟೇಶನ್ ಬಂತು. ಹಳೇ ಮರದ್ದಾದರೆ ಸಾಗಣೆ, ಪಾಲಿಶ್, ಮರಗೆಲಸದ ಆಚಾರ್ರ ಕೂಲಿ ಎಲ್ಲ ಸೇರಿ 64 ಸಾವಿರ. ಪರಿಸರ ಕಾಳಜಿ ಆಮೇಲೆ ಬಂತು, ಮೊದಲು ಬಂದದ್ದು ಜೇಬಿನ ಕಾಳಜಿ.

ದೊಡ್ಡ ಮೇಜು ಒಂದೇ, ನಾಲ್ವರಿಗೂ ಸೇರಿ. ಯಾರದೋ ಕೆಡವಿದ ಮನೆಯ ಎರಡು ಬಾಗಿಲಿನ ಹಲಗೆ ಜೋಡಿಸಿದ್ದು. ಅಗುಳಿಯ ತೂತು ಹಾಗೇ ಇದೆ, ಅದರೊಳಗಿಂದ ಲ್ಯಾಪ್‌ಟಾಪಿನ ವೈರು ಇಳಿಬಿಟ್ಟಿದ್ದೇವೆ. ಹೊಸ ಪ್ಲೈವುಡ್ಡಿನ ಅಂಟಿನ ಘಾಟು ಇಲ್ಲ. ನಮ್ಮ ಪಕ್ಕದ ಅಂಗಡಿಯವರು ತಂದ ಪಾರ್ಟಿಕಲ್ ಬೋರ್ಡ್ ಮೇಜು ಎರಡನೇ ಆಷಾಢಕ್ಕೇ ಅಂಚು ಉಬ್ಬಿ, ನೀರಲ್ಲಿ ಬಿದ್ದ ಬ್ರೆಡ್ಡಿನಂತಾಯಿತು. ಕಿಟಕಿಗೆ ಭೀಮನಕೋಣೆಯ ಚರಕ ಅನ್ನುವ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ, ಅಡಿಕೆ ಬೇಯಿಸಿದ ಚೊಗರಿನ ಬಣ್ಣದ್ದು. ಅದರ ಬಗ್ಗೆ ಬರೆಯುವುದೇನಿಲ್ಲ, ಇವತ್ತಿಗೂ ಚೆನ್ನಾಗಿದೆ.

ನಾನು ಎಣಿಸಿಯೇ ಇರದ ಸುಖ ಅಂದರೆ ಹೊರಜಗುಲಿಯ ಬೆಂಚು. ಹಳ್ಳಿ ಹೋಟೆಲೊಂದರದ್ದು, ಏಳಡಿ ಉದ್ದ, ಕೂತು ಕೂತೇ ನುಣುಪಾದದ್ದು. ಗಿರಾಕಿ ಕಾಯಲಿ ಅಂತ ಹಾಕಿಸಿದ್ದು. ಈಗ ಬಸ್ಸಿಗೆ ಕಾಯುವವರು, ಮಂಡಿಯಿಂದ ಬಂದು ಲೆಕ್ಕ ಹಾಕುವವರು, ಸುಮ್ಮನೆ ಪೇಪರ್ ಓದುವ ರಿಟೈರ್ಡ್ ಮೇಷ್ಟ್ರು, ಎಲ್ಲರದ್ದೂ ಅದು. ಮೇಷ್ಟ್ರು ಬರದ ದಿನ ನಾವೇ ಫೋನ್ ಮಾಡುತ್ತೇವೆ. ಕವಳದ, ಅಂದರೆ ಎಲೆಯಡಿಕೆಯ, ಕಲೆ ಮಾತ್ರ ವಾರಕ್ಕೊಮ್ಮೆ ತಿಕ್ಕಬೇಕು.

ಇನ್ನು ಬೀರು.

ಮಾರಿದವರು ಅದರ ಬಾಗಿಲು ತಟ್ಟಿ, "ಶುದ್ಧ ಸಾಗುವಾನಿ ಮಾರಾಯ್ರೆ, ನಿಮ್ಮ ಮೊಮ್ಮಕ್ಕಳಿಗೂ ಆಗ್ತದೆ" ಅಂದಿದ್ದರು. ಬಾಗಿಲು ಸಾಗುವಾನಿಯೇ, ಸುಳ್ಳಲ್ಲ. ಆದರೆ ಹಿಂದಿನ ಹಲಗೆ ಮಾವಿನದ್ದು. ಸಣ್ಣ ತೂತುಗಳಿಗೆ ಮೇಣ ಮೆತ್ತಿ ಮೇಲೆ ಕಡುಕಂದು ಪಾಲಿಶ್ ಹೊಡೆದಿದ್ದರು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಮರ ಕೊರೆದು ಹಿಟ್ಟು ಮಾಡುವ ಕುಟ್ಟೆ ಹುಳ ಶುರು.

ಕುಟ್ಟೆಯ ತೂತು ಅಂದರೆ ಹುಳ ಒಳಗೆ ಹೋದ ದಾರಿ ಅಂದುಕೊಂಡಿದ್ದೆ. ಅಲ್ಲವಂತೆ, ಅದು ಹೊರಗೆ ಬಂದ ದಾರಿ. ಮೊಟ್ಟೆಯೊಡೆದ ಮರಿ ತಿಂಗಳುಗಟ್ಟಲೆ ಒಳಗೇ ಇದ್ದು, ಮರದ ಪಿಷ್ಟ ತಿಂದು, ರೆಕ್ಕೆ ಬಂದ ಮೇಲೆ ತೂತು ಕೊರೆದು ಹಾರುತ್ತದೆ. ನಮಗೆ ಕಾಣುವ ಹೊತ್ತಿಗೆ ಊಟ ಮುಗಿದಿರುತ್ತದೆ! ಸಾಗುವಾನಿಯ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಅದು ಬಾಯಿ ಹಾಕುವುದಿಲ್ಲ, ಹೊರಗಿನ ಬಿಳಿ ಭಾಗವನ್ನೂ ಮಾವಿನಂಥ ಮೆದು ಮರವನ್ನೂ ಬಿಡುವುದಿಲ್ಲ. ಗಿರಾಕಿಗಳ ಮೂರು ವರ್ಷದ ಫೈಲುಗಳ ಮೇಲೆ ಹಿಟ್ಟು ಉದುರಿತು. ಸೀಮೆಎಣ್ಣೆ ಸಿರಿಂಜಿನಲ್ಲಿ ಬಿಟ್ಟೆ, ಪ್ರಯೋಜನವಾಗಲಿಲ್ಲ. ಆಚಾರ್ರ ಮಾತು ಕೇಳಿ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿದೆ. ಪುಡಿ ಕಮ್ಮಿಯಾಯಿತು, ಆದರೆ ಹದಿನೈದು ದಿನ ಆ ವಾಸನೆಗೆ ಹುಡುಗಿ ಜಗುಲಿಯಲ್ಲೇ ಕೂತು ಮೀಟಿಂಗ್ ಮಾಡಿದಳು. ನನ್ನ ಕೈಯೂ ಸುಟ್ಟು ಸಿಪ್ಪೆ ಎದ್ದಿತು.

ಮಾರಿದವರನ್ನು ಕೇಳಿದ್ದಕ್ಕೆ "ಹಳೇ ಸಾಮಾನಿಗೆ ಗ್ಯಾರಂಟಿ ಯಾರು ಕೊಡ್ತಾರೆ" ಎಂದರು. ಸಿಟ್ಟು ಬಂತು. ಆದರೂ ತಪ್ಪು ಅರ್ಧ ನನ್ನದು. ಬಾಗಿಲು ತಟ್ಟಿದೆನೇ ಹೊರತು ಬೀರು ತಿರುಗಿಸಿ ಬೆನ್ನು ನೋಡಲಿಲ್ಲ. ಹೆಣ್ಣು ನೋಡಲು ಹೋದವರೂ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ.

ಇನ್ನೊಂದು ಪೆದ್ದುತನವನ್ನೂ ಬರೆದುಬಿಡುತ್ತೇನೆ. ಜುಲೈನಲ್ಲಿ ಮೇಜಿನ ಡ್ರಾಯರ್ ಬಿಗಿಯಾಯಿತು ಅಂತ ಹಟಕ್ಕೆ ಬಿದ್ದು ಕೀಸುಳಿ ಹಾಕಿಸಿದೆ. ಶಿವರಾತ್ರಿ ಹೊತ್ತಿಗೆ ಮರ ಒಣಗಿ, ಎಳೆದರೆ ಡ್ರಾಯರ್ ಕಾಲ ಮೇಲೇ ಬೀಳುತ್ತದೆ. ಮಳೆಗಾಲದಲ್ಲಿ ಮೇಣದಬತ್ತಿ ಉಜ್ಜಿ ಸುಮ್ಮನಿದ್ದಿದ್ದರೆ ಸಾಕಿತ್ತು.

ಐದಕ್ಕೆ ಎಷ್ಟು ಅಂಕ ಅಂದರೆ ಮೇಜಿಗೆ ನಾಲ್ಕು, ಬೆಂಚಿಗೆ ಐದು, ಬೀರುವಿಗೆ ಒಂದು, ಅದೂ ಬಾಗಿಲಿಗೆ. ಹೋದ ಬೇಸಿಗೆಯಲ್ಲಿ ಚಿಕ್ಕಪ್ಪನ ಮನೆಯ ಅಟ್ಟ ಬಿಚ್ಚಿದಾಗ ಸಿಕ್ಕ ಹಲಸಿನ ಹಲಗೆಯನ್ನು ಅದರ ಬೆನ್ನಿಗೆ ಹಾಕಿಸಿದೆ, ಈ ಸಲ ಎರಡೂ ಕಡೆ ತಿರುಗಿಸಿ ನೋಡಿಯೇ. ಈ ಮಳೆಗಾಲದಲ್ಲಿ ಕರಿ ಕಾಗದದ ಮೇಲೆ ಬಿದ್ದದ್ದು ಒಂದು ಸತ್ತ ಜಿರಲೆ, ಮೇಷ್ಟ್ರ ಕನ್ನಡಕದ ಒಂದು ಸ್ಕ್ರೂ.