ಸ್ಫಿಂಕ್ಸ್: ಸಣ್ಣ ಸೆಟ್ಟಿಂಗ್, ದೊಡ್ಡ ನೆಮ್ಮದಿ

ಬದಿಯಡ್ಕದ ಮನೆಯಲ್ಲಿ ಕೂತು ಪೈಥಾನ್ ಲೈಬ್ರರಿಯೊಂದರ ಡಾಕ್ಯುಮೆಂಟೇಶನ್ ನೋಡಿಕೊಳ್ಳುವವಳು ನಾನು. ಅದಕ್ಕೆ ಬಳಸುವುದು ಸ್ಫಿಂಕ್ಸ್, ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸುವ ಸಾಫ್ಟ್‌ವೇರ್. ನನಗೆ ಅದು ಇಷ್ಟವಾಗಿದ್ದೇ ಅದರ ಆಟೋಸಮರಿ ಎಂಬ ಎಕ್ಸ್‌ಟೆನ್ಶನ್‌ನಿಂದ. ಪ್ರತಿ ಕ್ಲಾಸಿಗೂ ಫಂಕ್ಷನ್ನಿಗೂ ತಾನೇ ಪುಟ ಮಾಡಿಕೊಡುತ್ತದೆ.

ನಮ್ಮಲ್ಲಿ ದೊಡ್ಡ ಜಿಯ ಗ್ರಾಫ್ (Graph) ಕ್ಲಾಸ್ ಇದೆ, ಸಣ್ಣ ಜಿಯ ಗ್ರಾಫ್ (graph) ಫಂಕ್ಷನ್ನೂ ಇದೆ. ಲಿನಕ್ಸ್ ಸರ್ವರಿನಲ್ಲಿ ಇವು ಬೇರೆ ಬೇರೆ ಫೈಲು. ಫೈಲ್ ಹೆಸರಿನಲ್ಲಿ ದೊಡ್ಡ-ಸಣ್ಣ ಅಕ್ಷರದ ವ್ಯತ್ಯಾಸ ನೋಡದ ನನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಎರಡೂ ಒಂದೇ ಹೆಸರು! ಒಂದು ಪುಟದ ಮೇಲೆ ಇನ್ನೊಂದು ಬರೆದುಹೋಗುತ್ತದೆ. ಓದುವವರಿಗೆ ಅನ್ಯಾಯ ಅಲ್ವಾ?

ಸ್ಫಿಂಕ್ಸ್‌ನ 3.2 ಆವೃತ್ತಿಯಲ್ಲಿ ಬಂದ ‘ಆಟೋಸಮರಿ ಫೈಲ್‌ನೇಮ್ ಮ್ಯಾಪ್’ ಎಂಬ ಸೆಟ್ಟಿಂಗ್ ಇದಕ್ಕೆ ಸರಿಯಾದ ಮದ್ದು. ಕಾನ್ಫಿಗ್ ಫೈಲಿನಲ್ಲಿ ಫಂಕ್ಷನ್ನಿನ ಪೂರ್ತಿ ಹೆಸರಿನ ಎದುರು ಬೇರೆ ಫೈಲ್ ಹೆಸರು ಬರೆದರೆ ಆಯ್ತು. ಕೋಡ್ ಮುಟ್ಟಬೇಕಿಲ್ಲ. ಆದರೆ ಡಿಕ್ಕಿಯಾಗುವ ಜೋಡಿಗಳನ್ನು ನಾವೇ ಹುಡುಕಿ ಸೇರಿಸಬೇಕು. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್.